ಕಾರಿನ ಸುತ್ತ ಮೂರು ಫೂಟು

ಇಂಜಿನಿಯರ್ ಕೊಟ್ಟ ಮೊದಲ ನಕ್ಷೆಯಲ್ಲಿ ಕಾರಿಗೆ ಬಿಟ್ಟಿದ್ದ ಜಾಗ 9 ಫೂಟು ಅಗಲ, 16 ಫೂಟು ಉದ್ದ. ಹಾಳೆಯ ಮೇಲೆ ಚೆಂದ ಕಾಣುತ್ತಿತ್ತು. ಮೇಲಿಂದ ನೋಡಿದ ಹಾಗೆ ಒಂದು ಪುಟ್ಟ ಕಾರಿನ ಚಿತ್ರ, ಅದರ ನಾಲ್ಕೂ ಕಡೆ ಒಂದಿಷ್ಟು ಬಿಳಿ ಜಾಗ. ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಆ ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು: "ಕಾರ್ ಇಲ್ಲಿ ನಿಂತೈತಿ, ಖರೆ. ನಾ ಎಲ್ಲಿ ಕೂಡ್ಲಿ?"

ನಮ್ಮ ಗ್ಯಾರೇಜಿನ ಕೆಲಸ ಶುರುವಾದದ್ದು ಆ ಪ್ರಶ್ನೆಯಿಂದ. ಮನೆ ಕಟ್ಟುವವರು, ಅದರಲ್ಲೂ ನಮ್ಮ ವಿಜಯಪುರದಂಥ ಊರಲ್ಲಿ ಕಟ್ಟುವವರು, ನಕ್ಷೆಗೆ ಸಹಿ ಹಾಕೋ ಮೊದಲು ಈ ಪ್ರಶ್ನೆ ಕೇಳಿಕೊಂಡರೆ ಒಳ್ಳೇದು ಅನಿಸಿ ಇಷ್ಟುದ್ದ ಬರೆಯುತ್ತಿದ್ದೇನೆ.

ಅಪ್ಪ 31 ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅವರ ಸ್ವಂತದ್ದು ಅಂತ ಇರೋದು 1998ರ ಒಂದು ಮಾರುತಿ 800. ಆ ಗಾಡಿಯನ್ನು ಇದುವರೆಗೆ ಹೊರಗಿನ ಯಾರ ಕೈಗೂ ಕೊಟ್ಟಿಲ್ಲ. ಆಯಿಲ್ ಬದಲಿಸೋದು, ಬ್ರೇಕ್ ಶೂ ಹಾಕೋದು, ಕಾರ್ಬುರೇಟರ್ ಬಿಚ್ಚಿ ತೊಳೆಯೋದು, ಎಲ್ಲ ಮನೆ ಮುಂದೆಯೇ. ಸ್ವಂತದ ಕಾರಿಗೆ 15 ವರ್ಷ ತುಂಬಿದ ಮೇಲೆ ನೋಂದಣಿಯನ್ನ 5 ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕಲ್ಲ? 2013, 2018, 2023, ಮೂರು ಸಲವೂ ಅಪ್ಪನೇ ಗಾಡಿ ತಯಾರು ಮಾಡಿದರು, ಮೂರು ಸಲವೂ ಪಾಸಾಯಿತು. ನಾನು ಪಾನಾ, ಅಂದರೆ ಸ್ಪ್ಯಾನರ್, ಹಿಡಿಯೋದು ಕಲಿತದ್ದೂ ಆ ಕಾರಿನ ಮೇಲೆಯೇ. 10, 12, 14. ಈ ಮೂರು ನಂಬರಿನ ಪಾನಾ ಇದ್ದರೆ 800ರ ಅರ್ಧ ಕೆಲಸ ಆಗುತ್ತದೆ. ಚಿಕ್ಕವಳಿದ್ದಾಗ ಅಪ್ಪ ಕಾರಿನ ಕೆಳಗಿಂದ ಕೈ ಮಾತ್ರ ಹೊರಗೆ ಚಾಚಿ ನಂಬರ್ ಹೇಳುತ್ತಿದ್ದರು, ನಾನು ಕೈಯಲ್ಲಿ ಇಡುತ್ತಿದ್ದೆ. ಈಗ ಕೆಳಗೆ ಹೋಗೋಳು ನಾನು, ನಂಬರ್ ಹೇಳೋಳೂ ನಾನು. ಅಪ್ಪನ ಮೊಣಕಾಲು ಮಡಚೋದಿಲ್ಲ.

ಬಾಡಿಗೆ ಮನೆಯಲ್ಲಿ ಕಾರಿನ ಕೆಲಸ ಮಾಡೋ ಜಾಗ ಅಂದರೆ ಗೇಟಿನ ಒಳಗಿನ ಶಹಾಬಾದ್ ಫರಸಿ. ನಮ್ಮ ಕಡೆ ಅಂಗಳಕ್ಕೆಲ್ಲ ಇದೇ ಕಲ್ಲು. ತಂಪು, ಅಗ್ಗ, ತೊಳೆಯೋಕೆ ಸಲೀಸು. ನಾಲ್ಕು ವರ್ಷದ ಹಿಂದೆ ಒಂದು ಏಪ್ರಿಲ್ ಬೆಳಿಗ್ಗೆ ಮುಂದಿನ ಎಡಗಾಲಿ ಬಿಚ್ಚಬೇಕಾಗಿತ್ತು. ಜ್ಯಾಕ್ ಕೊಟ್ಟು ಎತ್ತಿದೆ. ಗಾಲಿ ನೆಲ ಬಿಟ್ಟು ಎರಡು ಇಂಚು ಮೇಲೆ ಬಂದಿತ್ತು. ಟಕ್ ಅಂತ ಒಂದು ಸದ್ದು. ದೊಡ್ಡದೇನಲ್ಲ, ಬಳೆ ಒಡೆದಷ್ಟು. ನೋಡಿದರೆ ಜ್ಯಾಕಿನ ಕೆಳಗಿನ ಫರಸಿ ಮೂಲೆಯಿಂದ ಮೂಲೆಗೆ ಸೀಳಿದೆ, ಒಂದು ತುಂಡು ಒಳಗೆ ಇಳಿದಿದೆ, ಜ್ಯಾಕ್ ಅತ್ತ ವಾಲುತ್ತಿದೆ. ನನ್ನ ಬಲಗೈ ಆಗ ಮಡ್‌ಗಾರ್ಡ್ ಒಳಗಿತ್ತು. ಎಳೆದುಕೊಂಡೆ. ಕಾರು ನಿಧಾನಕ್ಕೆ, ಎಮ್ಮೆ ಮಲಗಿದ ಹಾಗೆ, ಒಂದು ಕಡೆ ಕೂತಿತು.

ಆ ಕಲ್ಲನ್ನು ಆಮೇಲೆ ಎಬ್ಬಿಸಿ ನೋಡಿದೆವು. ಕೆಳಗೆ ಅಂಗೈ ಹೋಗುವಷ್ಟು ಪೊಳ್ಳು. ಒಳಗಿನ ಎರಿಮಣ್ಣು ಬೇಸಿಗೆಗೆ ಒಣಗಿ, ಕುಗ್ಗಿ, ಕಲ್ಲಿನಿಂದ ಬಿಟ್ಟುಕೊಂಡಿತ್ತು. 800 ಹಗುರ ಗಾಡಿ, ಸುಮಾರು 650 ಕಿಲೋ. ಆದರೂ ಒಂದು ಮೂಲೆಯ ಭಾರ ಪೂರ್ತಿ ಅಂಗೈಯಷ್ಟಗಲದ ಜ್ಯಾಕಿನ ಪಾದದ ಮೇಲೆ ಬಿದ್ದರೆ, ಕೆಳಗೆ ಪೊಳ್ಳಿರೋ ಕಲ್ಲು ತಾಳೋದಿಲ್ಲ. ಕಾರು ನಿಂತಿದ್ದಾಗ ಅದೇ ಕಲ್ಲು ಏನೂ ಆಗದೆ ಹೊತ್ತುಕೊಂಡಿತ್ತು. ಕಾರು ನಿಲ್ಲೋ ನೆಲ ಬೇರೆ, ಕಾರು ಎತ್ತೋ ನೆಲ ಬೇರೆ ಅನ್ನೋದು ನನಗೆ ಹೊಳೆದದ್ದು ಆವತ್ತು.

ಸೈಟು ಸೊಲ್ಲಾಪುರ ರಸ್ತೆ ಕಡೆಯ ಹೊಸ ಲೇಔಟಿನಲ್ಲಿ. 40x60, ಉತ್ತರಕ್ಕೆ ರಸ್ತೆ. 9x16ರ ನಕ್ಷೆ ಬಂದ ವಾರವೇ ಭಾನುವಾರ ಬೆಳಿಗ್ಗೆ 800 ತೆಗೆದುಕೊಂಡು ಸೈಟಿಗೆ ಹೋದೆವು. ಜೊತೆಗೆ ಒಂದು ಕಿಲೋ ರಂಗೋಲಿ ಪುಡಿ, ಟೇಪು, ಅಪ್ಪನ ಮರದ ಸ್ಟೂಲು. ಖಾಲಿ ಮಣ್ಣಿನ ಮೇಲೆ ಕಾರು ನಿಲ್ಲಿಸಿ ಸುತ್ತ ರಂಗೋಲಿ ಎಳೆದೆ. ಆಮೇಲೆ ಬಾಗಿಲೆಲ್ಲ ಪೂರ್ತಿ ತೆಗೆದು ಅವುಗಳ ತುದಿ ಗುರುತು ಮಾಡಿದೆ. ಬಾನೆಟ್ ಎತ್ತಿ ಅದರ ಮುಂದೆ ನಿಂತು ಬಗ್ಗಿದೆ. ಮಗ ನನ್ನ ಹಿಮ್ಮಡಿಯ ಹತ್ತಿರ ಒಂದು ಗೆರೆ ಹಾಕಿದ. ಕೊನೆಗೆ ಅಪ್ಪ ಮುಂದಿನ ಗಾಲಿಯ ಎದುರು ಸ್ಟೂಲ್ ಹಾಕಿಕೊಂಡು ಕೂತರು. ಗಾಲಿ ಬಿಚ್ಚೋ ಉದ್ದ ಹಿಡಿಕೆಯ ಪಾನಾ ನಟ್ಟಿಗೆ ಹಾಕಿ, ಎರಡೂ ಕೈಯಲ್ಲಿ ಹಿಡಿದು, ಮೈ ಹಿಂದಕ್ಕೆ ಹಾಕಿ ಎಳೆದರು. "ಈಗ ಬೆನ್ನ ಹಿಂದ ಹಾಕು" ಅಂದರು. ಅವರ ಬೆನ್ನ ಹಿಂದೆ ಒಂದು ಗೆರೆ ಎಳೆದೆ.

ಕಾರಿನಿಂದ ಆ ಗೆರೆಗೆ 2 ಫೂಟು 10 ಇಂಚು. ಬಾಗಿಲ ತುದಿಗೂ ಹೆಚ್ಚುಕಮ್ಮಿ ಅಷ್ಟೇ ಬಂತು. ಮೂರು ಫೂಟು ಅಂತ ಬರೆದುಕೊಂಡೆವು.

ಮುಂದಿನದೆಲ್ಲ ಬರೀ ಕೂಡಿಸೋ ಲೆಕ್ಕ. 800 ಬಹಳ ಸಣ್ಣದು, 3,335 ಮಿಲಿಮೀಟರ್ ಉದ್ದ, 1,440 ಅಗಲ. ಆದರೆ ಗ್ಯಾರೇಜನ್ನು ಇವತ್ತಿನ ಗಾಡಿ ನೋಡಿ ಕಟ್ಟೋಕೆ ಆಗಲ್ಲ, ಗಾಡಿ ಬದಲಾಗುತ್ತವೆ, ಗೋಡೆ ಬದಲಾಗಲ್ಲ. ನಮ್ಮ ದೇಶದಲ್ಲಿ ಒಂದು ಅನುಕೂಲ ಇದೆ. 2006ರಲ್ಲಿ 4 ಮೀಟರಿನೊಳಗಿನ ಸಣ್ಣ ಕಾರುಗಳಿಗೆ ಕೇಂದ್ರ ಸರ್ಕಾರ ಅಬಕಾರಿ ಸುಂಕ ಇಳಿಸಿತು. ಅವತ್ತಿನಿಂದ ಕಂಪನಿಗಳು ಕಾರುಗಳನ್ನ ಆ ಗೆರೆಯೊಳಗೇ ಮಾಡುತ್ತಾ ಬಂದಿವೆ. ಅದಕ್ಕೇ ರಸ್ತೆಯಲ್ಲಿ ಓಡಾಡೋ ಎಷ್ಟೋ ಕಾರುಗಳ ಉದ್ದ 3,995 ಮಿಲಿಮೀಟರ್. ಅಂದರೆ 13 ಫೂಟು ಒಂದು ಇಂಚು. ಹೀಗಾಗಿ ಕಾರಿಗೆ 13, ಮುಂದಿನ ಗೋಡೆಗೆ ಕೆಲಸದ ಕಟ್ಟೆ 2, ಕಟ್ಟೆಗೂ ಕಾರಿಗೂ ನಡುವೆ ನಿಲ್ಲೋಕೆ 3, ಬಾಗಿಲು ಹಾಕಿದ ಮೇಲೂ ಹಿಂದೆ ಓಡಾಡೋಕೆ 2. ಒಟ್ಟು 20. ಅಗಲಕ್ಕೆ ಕಾರಿನದು ಐದೂವರೆ ಚಿಲ್ಲರೆ, ಎರಡೂ ಕಡೆ ಮೂರು ಮೂರು. 12 ಅಂತ ಮುಗಿಸಿದೆವು.

12x20. ಇಂಜಿನಿಯರ್ ಸುಮ್ಮನೆ ಒಪ್ಪಿದರು. ಒಪ್ಪದೆ ಇದ್ದದ್ದು ಅವ್ವ.

"ಕಾರಿಗೆ ಇಪ್ಪತ್ತ ಫೂಟು, ನನ್ನ ಅಡಗಿ ಮನಿಗೆ ಒಂಬತ್ತು. ಹೌದಲ್ಲ?" ಅಂದಳು. ಮಾತು ನ್ಯಾಯವಾದದ್ದೇ. ಆಕೆಯೂ ನಲವತ್ತು ವರ್ಷ ಇಕ್ಕಟ್ಟಿನಲ್ಲಿ ನಿಂತು ರೊಟ್ಟಿ ಬಡಿದವಳು. ಮೊಣಕೈ ಗೋಡೆಗೆ ತಾಗೋ ನೋವು ಆಕೆಗೂ ಗೊತ್ತು. ಅಪ್ಪ ಕೇಳಿದ ಪ್ರಶ್ನೆಯೇ ಆಕೆಯದೂ ಆಗಿತ್ತು. ಹಾಗಾಗಿ ರಂಗೋಲಿ ಪುಡಿ ಮತ್ತೆ ತೆಗೆದು ಒಲೆ, ಸಿಂಕು, ಫ್ರಿಜ್ಜು ಎಲ್ಲ ನೆಲದ ಮೇಲೆ ಬರೆದು, ಅವ್ವನನ್ನು ನಡುವೆ ನಿಲ್ಲಿಸಿ ಅಳೆದೆವು. ಅಡುಗೆಮನೆ 11x12 ಆಯಿತು. ಹಾಲ್ ಸಣ್ಣದಾಯಿತು. ಬಂದವರು ಕೂರೋ ಜಾಗಕ್ಕಿಂತ ಮನೆಯವರು ದುಡಿಯೋ ಜಾಗ ದೊಡ್ಡದಿರಬೇಕು ಅಂತ ನನ್ನ ಲೆಕ್ಕ.

ಹಾಗೆ ನೋಡಿದರೆ ಇದು ನಮಗೆ ಹೊಸದಲ್ಲ. ಅಜ್ಜನ ಊರಿನ ಮೇಲ್ಮುದ್ದೆ ಮನೆಯಲ್ಲಿ, ಅಂದರೆ ಮಣ್ಣಿನ ಮಾಳಿಗೆಯ ಹಳೇ ಮನೆಯಲ್ಲಿ, ತಲೆಬಾಗಿಲು ದಾಟಿದ ಕೂಡಲೇ ಎತ್ತು ಕಟ್ಟೋ ಜಾಗ, ಅದನ್ನು ದಾಟಿ ಮೆಟ್ಟಿಲು ಹತ್ತಿದರೆ ಪಡಸಾಲೆ. ಎತ್ತಿನ ಸುತ್ತ ಮನುಷ್ಯ ಓಡಾಡೋಕೆ, ಸಗಣಿ ಬಳಿಯೋಕೆ, ಗೋದಲಿಗೆ ಮೇವು ಹಾಕೋಕೆ, ಮೈ ತಿಕ್ಕೋಕೆ ಜಾಗ ಬಿಟ್ಟೇ ಮನೆ ಕಟ್ಟುತ್ತಿದ್ದರು. ಎತ್ತು ನಿಲ್ಲುವಷ್ಟೇ ಜಾಗ ಕೊಟ್ಟು ಕೈ ತೊಳೆದುಕೊಂಡವರು ಯಾರೂ ಇರಲಿಲ್ಲ. ಎತ್ತು ಹೋಗಿ ಕಾರು ಬಂದ ಮೇಲೆ, ಉಳಿದ ಜಾಗದಲ್ಲಿ ಹೇಗೋ ನಿಲ್ಲಲಿ ಅನ್ನೋ ಲೆಕ್ಕ ಶುರುವಾಯಿತು.

ಇನ್ನು ಮಣ್ಣಿನ ವಿಷಯ. ಇದರ ಬಗ್ಗೆ ನಾನು ಜಾಸ್ತಿ ಹೇಳಲೇಬೇಕು, ಯಾಕೆಂದರೆ ಗ್ಯಾರೇಜಿನಲ್ಲಿ ಆಮೇಲೆ ಏನು ಬೇಕಾದರೂ ಬದಲಿಸಬಹುದು, ನೆಲದ ಕೆಳಗಿನದನ್ನು ಬದಲಿಸೋಕೆ ಆಗಲ್ಲ.

ನಮ್ಮದು ಎರಿ ಭೂಮಿ. ಹಿಂಗಾರಿ ಬಿಳಿಜೋಳ ಬೆಳೆಯೋ ಮಣ್ಣು. ಬಿತ್ತಿದ ಮೇಲೆ ಮಳೆ ಬರದಿದ್ದರೂ ಡೋಣಿ ನದಿ ಸಾಲಿನ ಹೊಲಗಳಲ್ಲಿ ಜೋಳ ಎದೆಮಟ್ಟ ಏಳೋದು ಈ ಮಣ್ಣು ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳೋದರಿಂದ. ಇದರಲ್ಲಿರೋ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ಹೊಲದ ಬಿರುಕಿನೊಳಗೆ ಇಡೀ ಕೈ ಇಳಿಯುತ್ತದೆ. ಜೋಳಕ್ಕೆ ಅನ್ನ ಕೊಡೋ ಈ ಗುಣವೇ ಮನೆಗೆ ಶತ್ರು. ಮಳೆಗಾಲದಲ್ಲಿ ನೆಲ ಎತ್ತುತ್ತದೆ, ಬೇಸಿಗೆಯಲ್ಲಿ ಕೈ ಬಿಡುತ್ತದೆ. ಅಂಗಳದ ಫರಸಿ ಪೊಳ್ಳಾಗೋದು ಹೀಗೆ. ಮನೆಯ ಭಾರಕ್ಕೆ ಪಾಯ ಆಳಕ್ಕೆ ಹೋಗಿರುತ್ತದೆ, ಬೀಮು ಕಟ್ಟಿರುತ್ತಾರೆ. ಗ್ಯಾರೇಜಿನ ನೆಲ ಮಾತ್ರ ಸೀದಾ ಮಣ್ಣಿನ ಮೇಲೆ ಮಲಗಿರುತ್ತದೆ. ಆ ಹಗುರ ನೆಲವನ್ನ ಎರಿಮಣ್ಣು ಸುಲಭವಾಗಿ ಎತ್ತಿಬಿಡುತ್ತದೆ.

ಗೌಂಡಿ ಅಣ್ಣಾರು ಮೊದಲ ದಿನವೇ ಹೇಳಿದರು: "ಅಕ್ಕಾರ, ಗಾಡಿ ನಿಲ್ಸಾಕ ಒಂದ್ ಫೂಟ್ ಗರಸ ಹಾಕಿದ್ರ ಸಾಕ್ರಿ. ಎಲ್ಲಾರೂ ಹಂಗ ಮಾಡ್ತಾರ."

ನಾನು ಆ ಒಡೆದ ಫರಸಿಯ ಫೋಟೋ ತೋರಿಸಿದೆ. ಅವರು ಫೋಟೋ ನೋಡಿದರು, ನನ್ನ ಕೈ ನೋಡಿದರು. ಮತ್ತೆ ವಾದ ಮಾಡಲಿಲ್ಲ.

3 ಫೂಟು ಎರಿಮಣ್ಣು ತೆಗೆಸಿದೆವು. ಆ ಮಣ್ಣು ಹೊಲಕ್ಕೆ ಹೋಯಿತು, ಅಲ್ಲಿ ಅದಕ್ಕೆ ಬೆಲೆ ಇದೆ. ಗುಂಡಿಗೆ ಗರಸು, ಅಂದರೆ ಒರಟು ಕಲ್ಲುಮಣ್ಣು, ತುಂಬಿಸಿದ್ದು ಒಮ್ಮೆಲೇ ಅಲ್ಲ. 6 ಇಂಚು ಹಾಕೋದು, ನೀರು ಹೊಡೆಯೋದು, ಯಂತ್ರದಿಂದ ಕುಟ್ಟಿಸೋದು, ಮತ್ತೆ 6 ಇಂಚು. ಟ್ರ್ಯಾಕ್ಟರ್‌ನಿಂದ ಒಂದೇ ಸಲ ಸುರಿದು ಮೇಲೆ ಮಾತ್ರ ಕುಟ್ಟಿದರೆ ಒಳಗೆ ಸಡಿಲವೇ ಇರುತ್ತದೆ, ಎರಡು ವರ್ಷದಲ್ಲಿ ಕುಸಿಯುತ್ತದೆ. ಮೇ ತಿಂಗಳಲ್ಲಿ ತುಂಬಿದ್ದು. ಕಾಂಕ್ರೀಟ್ ಕೂಡಲೇ ಹಾಕೋದು ಬೇಡ ಅಂದದ್ದು ಅಪ್ಪ. "ಒಂದು ಮಳಿಗಾಲ ಅದರ ಮ್ಯಾಲ ಹೋಗಲಿ. ಎಲ್ಲಿ ಇಳೀತೈತಿ ಅಂತ ಅದ ತೋರಸ್ತೈತಿ." ತೋರಿಸಿತು ಕೂಡ. ಪೂರ್ವದ ಮೂಲೆಯಲ್ಲಿ ಎರಡು ಇಂಚು ಇಳಿಯಿತು. ಅಲ್ಲಿ ಮತ್ತೆ ತುಂಬಿ ಕುಟ್ಟಿಸಿದೆವು.

ಗರಸಿನ ಮೇಲೆ ಸೋಲಿಂಗ್, ಅಂದರೆ ಒತ್ತಾಗಿ ಜೋಡಿಸಿದ ಕಲ್ಲಿನ ಪದರ, ಅದರ ಮೇಲೆ 4 ಇಂಚು ಸಾದಾ ಕಾಂಕ್ರೀಟ್, ಕೊನೆಗೆ 5 ಇಂಚಿನ ಎಂ20 ಕಾಂಕ್ರೀಟ್. ಅಂದರೆ ಒಂದು ಪಾಲು ಸಿಮೆಂಟು, ಒಂದೂವರೆ ಉಸುಕು, ಮೂರು ಕಡಿ. ಒಳಗೆ 8 ಮಿಲಿಮೀಟರ್ ಕಬ್ಬಿಣದ ಜಾಳಿಗೆ. 240 ಚದರ ಫೂಟಿಗೆ 5 ಇಂಚು ಅಂದರೆ 100 ಘನ ಫೂಟು ಕಾಂಕ್ರೀಟು, ಸುಮಾರು 23 ಚೀಲ ಸಿಮೆಂಟು. ನಡುವೆ 10 ಫೂಟಿಗೆ ಒಂದು ಗೆರೆ ಕೊಯ್ಯಬೇಕು, ಬಿರುಕು ಬಿಡೋದಿದ್ದರೆ ಆ ಗೆರೆಯಲ್ಲೇ ಬಿಡಲಿ ಅಂತ. ಗೋಡೆಗೂ ನೆಲಕ್ಕೂ ನಡುವೆ ಅರ್ಧ ಇಂಚು ಸಂದು ಬಿಟ್ಟು ಥರ್ಮಾಕೋಲ್ ತುಂಬಬೇಕು. ಎರಡನ್ನೂ ಸೇರಿಸಿ ಕಟ್ಟಿದರೆ ನೆಲ ಅಲುಗಾಡಿದಾಗ ಗೋಡೆಯನ್ನೂ ಎಳೆಯುತ್ತದೆ.

ಟೈಲ್ಸ್ ಹಾಕಿಸಿ, ಚೆಂದ ಕಾಣುತ್ತೆ ಅಂದವರು ತುಂಬಾ ಜನ. ಟ್ರಾಲಿ ಜ್ಯಾಕಿನ ಕಬ್ಬಿಣದ ಗಾಲಿ ಒಂದು ಸಲ ಓಡಿದರೆ ಟೈಲ್ಸ್ ಕಥೆ ಮುಗಿಯಿತು. ಕಾಂಕ್ರೀಟನ್ನೇ ನಯವಾಗಿ ಉಜ್ಜಿಸಿ, ಮೇಲ್ಮೈ ಗಟ್ಟಿ ಮಾಡೋ ಹಾರ್ಡನರ್ ಹಾಕಿಸೋದು ಅಂತ ತೀರ್ಮಾನಿಸಿದ್ದೇವೆ. ಇಳಿಜಾರಿನ ವಿಷಯದಲ್ಲಿ ಸ್ವಲ್ಪ ಯೋಚನೆ ಬೇಕಾಯಿತು. ನೀರು ಹೋಗೋಕೆ ಇಳಿಜಾರು ಬೇಕು, ಎತ್ತಿದ ಕಾರನ್ನ ಹೊರೋ ಜ್ಯಾಕ್ ಸ್ಟ್ಯಾಂಡ್ ನಿಲ್ಲೋಕೆ ಸಪಾಟು ಬೇಕು. ಬಾಗಿಲ ಹತ್ತಿರದ 5 ಫೂಟು ಮಾತ್ರ ಇಳಿಜಾರು, ಒಳಗಿನ 15 ಫೂಟು ಪೂರ್ತಿ ಸಪಾಟು. ಕಾರು ತೊಳೆಯೋದಿದ್ದರೆ ಹೊರಗೆ.

ಈ ಜಾಗದಲ್ಲಿ ಒಂದು ಮಾತು. ದಯವಿಟ್ಟು ಇಟ್ಟಿಗೆ ಮೇಲೆ ಕಾರು ನಿಲ್ಲಿಸಬೇಡಿ. ರಸ್ತೆ ಬದಿಯಲ್ಲಿ ದಿನಾ ನೋಡುತ್ತೇವೆ, ಗಾಲಿ ಬಿಚ್ಚಿ ಕೆಳಗೆ ನಾಲ್ಕು ಇಟ್ಟಿಗೆ ಒಟ್ಟಿ ಹುಡುಗರು ಕೆಳಗೆ ನುಗ್ಗಿರುತ್ತಾರೆ. ಇಟ್ಟಿಗೆ ಬಿರುಕು ಬಿಟ್ಟು ಎಚ್ಚರಿಸೋದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ. ಒಂದು ಜೊತೆ ಜ್ಯಾಕ್ ಸ್ಟ್ಯಾಂಡ್ ಬೆಲೆ ಒಂದು ಟೈರಿನ ಬೆಲೆಯೂ ಇಲ್ಲ. ಜ್ಯಾಕ್ ಎತ್ತೋಕೆ, ಸ್ಟ್ಯಾಂಡ್ ನಿಲ್ಲಿಸೋಕೆ. ಬರೀ ಜ್ಯಾಕ್ ಮೇಲಿರೋ ಗಾಡಿಯ ಕೆಳಗೆ ಕೈ ಕೂಡ ಹಾಕಬಾರದು.

ಪಿಟ್ ತೆಗೆಸೋ ಆಸೆ ನನಗಿತ್ತು. ನೆಲದಲ್ಲಿ ಎರಡೂವರೆ ಫೂಟು ಅಗಲದ ಗುಂಡಿ, ಮೇಲೆ ಕಾರು, ಕೆಳಗೆ ನಿಂತುಕೊಂಡೇ ಕೆಲಸ. ಅಪ್ಪನ ಮೊಣಕಾಲಿಗೆ ಅದೇ ಸರಿ ಅಂದುಕೊಂಡಿದ್ದೆ. ಅಪ್ಪ ಒಪ್ಪಲಿಲ್ಲ.

"ಪಿಟ್‌ನ್ಯಾಗ ನಿಂತು ಮೂವತ್ತ್ ವರ್ಷ ದುಡದಾವ ನಾ. ಮನಿಗೆ ಅದು ಬ್ಯಾಡವ್ವ."

ಯಾಕೆ ಅಂತ ಅವತ್ತು ಸಂಜೆ ಕೂತು ಹೇಳಿದರು. ರಾತ್ರಿ ಪಾಳಿಯಲ್ಲಿ ಜೊತೆಯವರೊಬ್ಬರು ಪಿಟ್ ಮುಚ್ಚಿದೆ ಅಂದುಕೊಂಡು ಕಾಲಿಟ್ಟು ಬಿದ್ದದ್ದು, ಸೊಂಟದ ಮೂಳೆ ಮುರಿದು ಮತ್ತೆ ಕೆಲಸಕ್ಕೆ ಬರದೇ ಹೋದದ್ದು. ಅಪ್ಪ ಆ ಹೆಸರು ಹೇಳುವಾಗ ಸ್ವಲ್ಪ ಹೊತ್ತು ಸುಮ್ಮನಾದರು. ಡಿಪೋದ ಬಸ್ಸುಗಳದು ಡೀಸೆಲ್, ನಮ್ಮದು ಪೆಟ್ರೋಲ್ ಅಂತಲೂ ನೆನಪಿಸಿದರು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಎಲ್ಲೋ ಒಂದು ಹನಿ ಸೋರಿದರೂ ಆವಿ ಇಳಿದು ಬಂದು ಪಿಟ್‌ನಲ್ಲಿ ತುಂಬಿಕೊಳ್ಳುತ್ತದೆ, ಹೋಗೋಕೆ ದಾರಿ ಇರಲ್ಲ. ಅಲ್ಲಿ ಒಂದು ಬಲ್ಬು ಒಡೆದರೂ ಸಾಕು. ಇದರ ಮೇಲೆ ನಮ್ಮ ಎರಿಮಣ್ಣು ಬೇರೆ. ಐದು ಫೂಟು ಆಳದ ಗೋಡೆಯನ್ನ ಮಳೆಗಾಲ ಪೂರ್ತಿ ಪಕ್ಕದಿಂದ ನೂಕುತ್ತಲೇ ಇರುತ್ತದೆ, ನೀರು ಜಿನುಗುತ್ತದೆ. ಮನೆಯಲ್ಲಿ ಮಕ್ಕಳಿದ್ದಾರೆ, ಬೆಕ್ಕಿದೆ. ಪಿಟ್ ಬಿಟ್ಟೆವು.

ಅದರ ಬದಲು ಸ್ಲ್ಯಾಬಿನ ಎತ್ತರ 11 ಫೂಟಿಗೆ ಏರಿಸಿದೆವು. ಮುಂದೆ ಯಾವಾಗಲಾದರೂ ಸಣ್ಣ ಲಿಫ್ಟ್ ಹಾಕೋ ಹಾಗಾದರೆ ಕಾರು ಮೇಲೆ ಹೋಗೋಕೆ ಜಾಗ ಇರಲಿ ಅಂತ. ಲಿಫ್ಟಿನ ಎರಡು ಕಂಬ ಬರೋ ಕಡೆ ಕಾಂಕ್ರೀಟ್ 5 ಇಂಚಿನ ಬದಲು 12 ಇಂಚು ದಪ್ಪ ಹಾಕಿಸುತ್ತಿದ್ದೇವೆ. ಈಗ ಅದಕ್ಕೆ ಬೇಕಾಗೋದು ಎರಡು ಚೀಲ ಸಿಮೆಂಟು. ಆಮೇಲೆ ಅಂದರೆ ನೆಲ ಒಡೆಯಬೇಕು.

ಗಾಳಿಗೆ ಎರಡು ಕಡೆ ಜಾಳಿಗೆ ಬಿಡಿಸಿದ್ದೇನೆ. ಒಂದು ನೆಲದಿಂದ 6 ಇಂಚು ಮೇಲೆ, ಇನ್ನೊಂದು ಎದುರಿನ ಗೋಡೆಯಲ್ಲಿ ಸ್ಲ್ಯಾಬಿನ ಹತ್ತಿರ. ಕೆಳಗಿನದು ಪೆಟ್ರೋಲ್ ಆವಿಗೆ. ಮೇಲಿನದು ಬ್ಯಾಟರಿ ಚಾರ್ಜ್ ಮಾಡುವಾಗ ಬರೋ ಹೈಡ್ರೋಜನ್‌ಗೆ, ಅದು ಹಗುರ, ಮೇಲಕ್ಕೆ ಹೋಗುತ್ತದೆ. ಹಾಗಂತ ಬಾಗಿಲು ಹಾಕಿಕೊಂಡು ಇಂಜಿನ್ ಚಾಲೂ ಮಾಡೋಕೆ ಈ ಜಾಳಿಗೆ ಸಾಲೋದಿಲ್ಲ. ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಇಂಜಿನ್ ಚಾಲೂ ಅಂದರೆ ಬಾಗಿಲು ಪೂರ್ತಿ ತೆರೆದಿರಬೇಕು. ಈ ನಿಯಮ ಮಗನಿಗೆ ಈಗಲೇ ಬಾಯಿಪಾಠ ಮಾಡಿಸಿದ್ದೇನೆ.

ಲೈಟಿನ ಬಗ್ಗೆ ಎಲೆಕ್ಟ್ರಿಷಿಯನ್ ಜೊತೆ ಒಂದಿಷ್ಟು ಹಗ್ಗಜಗ್ಗಾಟ ಆಯಿತು. ಅವರು ಸ್ಲ್ಯಾಬಿನ ನಟ್ಟನಡುವೆ ಒಂದು ದೊಡ್ಡ ಲೈಟು ಬರೆದಿದ್ದರು. ನಡುವೆ ಲೈಟ್ ಹಾಕಿದರೆ ಬೆಳಕೆಲ್ಲ ಕಾರಿನ ಟಾಪಿನ ಮೇಲೆ ಬೀಳುತ್ತದೆ. ಬಾನೆಟ್ ಎತ್ತಿದರೆ ಅದೇ ಅಡ್ಡ, ಇಂಜಿನ್ ಮೇಲೆ ಕತ್ತಲು. ಗಾಲಿಯ ಹತ್ತಿರ ಕೂತರೆ ನಮ್ಮ ನೆರಳೇ ನಮ್ಮ ಕೈ ಮೇಲೆ. ಅದಕ್ಕೇ ಎರಡೂ ಬದಿಯ ಗೋಡೆಗೆ ಉದ್ದುದ್ದ ಟ್ಯೂಬು, ಕೆಲಸದ ಕಟ್ಟೆಯ ಮೇಲೆ ಒಂದು. ಪ್ಲಗ್ ಪಾಯಿಂಟು ಸೊಂಟದ ಎತ್ತರಕ್ಕೆ, ನೆಲದ ಹತ್ತಿರ ಬೇಡ. 16 ಆಂಪಿಯರ್‌ದು ಎರಡು, ಗಾಳಿ ಹೊಡೆಯೋ ಕಂಪ್ರೆಸರ್‌ಗೆ ಒಂದು, ಮತ್ತೊಂದು ಮುಂದೆ ಬರೋ ಕರೆಂಟ್ ಕಾರಿಗೆ. ಅದರಲ್ಲಿ 3.3 ಕಿಲೋವ್ಯಾಟ್ ಚಾರ್ಜರ್ ನಡೆಯುತ್ತದೆ. 7.4ರದ್ದು ಬೇಕಾದರೆ 32 ಆಂಪಿಯರ್ ಲೈನು ಬೇರೆಯೇ ಬೇಕು, ಅದಕ್ಕೆ ಖಾಲಿ ಪೈಪು ಗೋಡೆಯೊಳಗೆ ಹಾಕಿಸಿಟ್ಟಿದ್ದೇನೆ. 30 ಮಿಲಿ ಆಂಪಿಯರ್ ಸೋರಿದರೂ ಕರೆಂಟ್ ಕಡಿಯೋ ಆರ್‌ಸಿಸಿಬಿ ಗ್ಯಾರೇಜಿಗೆ ಪ್ರತ್ಯೇಕ. ಅರ್ಥಿಂಗ್ ಮಾತ್ರ ಮರೆಯಬೇಡಿ. ಎರಿಮಣ್ಣು ಬೇಸಿಗೆಯಲ್ಲಿ ಫರಸಿಯನ್ನು ಬಿಟ್ಟ ಹಾಗೆ ಅರ್ಥಿಂಗ್ ಪೈಪನ್ನೂ ಬಿಡುತ್ತದೆ. ಇದ್ದಿಲು, ಉಪ್ಪು ಹಾಕಿ ಮುಚ್ಚಿ ಮರೆತರೆ ಆಗಲ್ಲ. ಮಾರ್ಚ್‌ನಿಂದ ಮೇ ತನಕ ವಾರಕ್ಕೊಂದು ಕೊಡ ನೀರು ಅದಕ್ಕೂ ಹಾಕಬೇಕು.

ಬೆಳಗಾವಿಯ ಟಿಳಕವಾಡಿಯಲ್ಲಿರೋ ನನ್ನ ಕಾಕಾನ ಮಗನಿಗೂ ಹಳೇ ಕಾರಿನ ಹುಚ್ಚು. ಅವನ ಚಿಂತೆಯೇ ಬೇರೆ. ಅಲ್ಲಿ ಜೂನ್‌ನಿಂದ ಹಿಡಿದ ಮಳೆ ಬಿಡೋದಿಲ್ಲ. ಕಾರಿಗೆ ಕವರ್ ಹಾಕಿದರೆ ಒಳಗೆ ಬೆವರಿ ತಗಡು ತುಕ್ಕು ಹಿಡಿಯುತ್ತದೆ. ಅವನ ಗ್ಯಾರೇಜಿಗೆ ಬೇಕಾದದ್ದು ಒಣ ನೆಲ, ಗಾಳಿ. ಒಂದು ವಿಷಯದಲ್ಲಿ ಅವನು ಪುಣ್ಯವಂತ, ಅಲ್ಲಿನ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗ್‌ಗೆ ಹೋದರೆ ಯಾವ ತುಂಡು ಬೇಕಾದರೂ ಲೇಥಿನಲ್ಲಿ ತಿರುವಿಕೊಡುವವರು ಸಿಗುತ್ತಾರೆ. ನಮ್ಮಲ್ಲಿ ತುಕ್ಕು ಕಮ್ಮಿ, ಬಿಸಿಲು ಜಾಸ್ತಿ. 40 ಡಿಗ್ರಿ ದಾಟಿದ ಮೇಲೆ ರಬ್ಬರ್ ಸೀಳುತ್ತದೆ, ಡ್ಯಾಶ್‌ಬೋರ್ಡ್ ಬಿಳಿಚುತ್ತದೆ, ಬ್ಯಾಟರಿಯ ನೀರು ಆರುತ್ತದೆ. ನಮ್ಮೂರಲ್ಲಿ ಬಯಲಲ್ಲಿ ನಿಂತೂ ಕೆಡದ ಲೋಹ ಅಂದರೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್. ಶೆರ್ಜಾ ಬುರುಜಿನ ಮೇಲೆ ಬಿಸಿಲು ಮಳೆ ಎಲ್ಲ ತಿಂದು ಕೂತಿದೆ. ಸಣ್ಣವಳಿದ್ದಾಗ ಅದಕ್ಕೆ ಯಾಕೆ ತುಕ್ಕಿಲ್ಲ ಅಂತ ಅಪ್ಪನನ್ನು ಕೇಳಿದ್ದೆ. ತಾಮ್ರ, ತವರ ಕೂಡಿದ ಲೋಹ ಅದು, ಕಬ್ಬಿಣದ ತಗಡಲ್ಲ ಅಂತ ಹೇಳಿದ್ದರು. ನಮ್ಮ ಕಾರು ಮಿಲಿಮೀಟರಿಗಿಂತ ತೆಳು ತಗಡು. ಅದಕ್ಕೆ ನೆರಳು ಬೇಕು.

ಗ್ಯಾರೇಜು ವಾಯವ್ಯಕ್ಕೆ ಬರಬೇಕು ಅಂದದ್ದು ಅವ್ವ, ಅದು ವಾಸ್ತು. ರಸ್ತೆ ಉತ್ತರಕ್ಕಿರೋದರಿಂದ ನಮಗೂ ಅದೇ ಅನುಕೂಲ. ಬಾಗಿಲು ಉತ್ತರಕ್ಕೆ ಬಂತು, ನೇರ ಬಿಸಿಲು ಹೆಚ್ಚು ಹೊಡೆಯಲ್ಲ, ದಿನವಿಡೀ ಮೆತ್ತಗಿನ ಬೆಳಕು. ಆಷಾಢದ ಪಡುವಣ ಗಾಳಿಯ ದೂಳೂ ಸೀದಾ ಒಳಗೆ ನುಗ್ಗಲ್ಲ. ಪಶ್ಚಿಮದ ಗೋಡೆ ಮಾತ್ರ ಸಂಜೆ ತನಕ ಕಾಯುತ್ತದೆ. ಅಲ್ಲೊಂದು ಬೇವಿನ ಗಿಡ ಹಚ್ಚಬೇಕು ಅಂತ ಸಸಿಯನ್ನೂ ತಂದಿಟ್ಟಿದ್ದೆ. ಇಂಜಿನಿಯರ್ ತಡೆದರು. ಎರಿಮಣ್ಣಿನಲ್ಲಿ ದೊಡ್ಡ ಗಿಡ ಗೋಡೆಯ ಪಕ್ಕ ಇದ್ದರೆ ಬೇರು ನೀರು ಹೀರಿ ಆ ಕಡೆಯ ಮಣ್ಣು ಮಾತ್ರ ಕುಗ್ಗುತ್ತದೆ, ಗೋಡೆ ಬಾಗುತ್ತದೆ ಅಂದರು. ಬೇವು ಸೈಟಿನ ಹಿಂದಿನ ಮೂಲೆಗೆ ಹೋಯಿತು. ಪಶ್ಚಿಮದ ಗೋಡೆಗೆ ತಂತಿ ಕಟ್ಟಿ ಬಳ್ಳಿ ಹಬ್ಬಿಸೋದು, ಗೋಡೆ ಬುಡದಲ್ಲಿ ಮಳೆ ನೀರು ಇಂಗದ ಹಾಗೆ 3 ಫೂಟು ಕಾಂಕ್ರೀಟಿನ ಪಟ್ಟಿ ಹಾಕೋದು.

ರಸ್ತೆಗಿಂತ ಗ್ಯಾರೇಜಿನ ನೆಲ ಒಂದೂವರೆ ಫೂಟು ಮೇಲಿದೆ. ಜಾಸ್ತಿ ಅನಿಸಬಹುದು. ಡಾಂಬರು ಹಾಕಿದಾಗಲೆಲ್ಲ ರಸ್ತೆ ಏರುತ್ತದೆ, ಮನೆ ಏರಲ್ಲ. ಈಗಿನ ಬಾಡಿಗೆ ಮನೆಯಲ್ಲಿ ಗೇಟಿನೊಳಗೆ ನೀರು ಬರೋದು ಅದರಿಂದಲೇ. ಇಳಿಜಾರು ಮಾತ್ರ ನಮ್ಮ ಗೇಟಿನ ಒಳಗೇ ಮುಗಿಯಬೇಕು, ಗಟಾರದ ಮೇಲೆ, ರಸ್ತೆಯ ಮೇಲೆ ಚಾಚೋದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಗ್ಯಾರೇಜನ್ನ ಗೇಟಿನಿಂದ 15 ಫೂಟು ಒಳಗೆ ಸರಿಸಿದೆವು. ದಿನಾ ಓಡಿಸೋ ನನ್ನ ಕಾರು ಆ 15 ಫೂಟಿನಲ್ಲಿ ನಿಲ್ಲುತ್ತದೆ.

ಬಿಚ್ಚಿದ ಹಳೇ ಆಯಿಲ್‌ಗೆ ಮುಚ್ಚಳ ಇರೋ ಎರಡು ಕ್ಯಾನು, ಕಟ್ಟೆಯ ಕೆಳಗೆ. ಗಟಾರಕ್ಕೆ ಒಂದು ಹನಿಯೂ ಹೋಗಬಾರದು. ಬೆಂಕಿಗೆ ಪೌಡರ್ ಸಿಲಿಂಡರ್ ಮತ್ತು ಎರಡು ಬಕೆಟ್ ಉಸುಕು ಬಾಗಿಲ ಹತ್ತಿರ. ಒಳಗಿನ ಮೂಲೆಯಲ್ಲಿ ಇಟ್ಟರೆ ಬೆಂಕಿ ದಾಟಿ ತರಬೇಕಾಗುತ್ತದೆ.

ಈ ಸಲ ಖಂಡೆನವಮಿಗೆ ಅಪ್ಪ ಬಾಡಿಗೆ ಮನೆಯಲ್ಲಿ ಪೂಜೆ ಮಾಡಲಿಲ್ಲ. ಪಾನಾದ ಪೆಟ್ಟಿಗೆ, ಪಕ್ಕಡ್, ಸುತ್ತಿಗೆ, ಜ್ಯಾಕು ಎಲ್ಲ 800ರಲ್ಲಿ ತುಂಬಿಸಿಕೊಂಡು ಸೈಟಿಗೆ ಬಂದರು. ಗೋಡೆ ಎದ್ದಿತ್ತು, ಸ್ಲ್ಯಾಬ್ ಆಗಿತ್ತು, ನೆಲ ಇನ್ನೂ ಬರೀ ಗರಸು. ಅದರ ಮೇಲೆ ಹಾಸಿದ ಚಾಪೆಯಲ್ಲಿ ಪಾನಾಗಳನ್ನ ನಂಬರಿನ ಸಾಲಿಗೆ ಜೋಡಿಸಿದರು. 6ರಿಂದ 32ರ ತನಕ. ಅವರು ಕೆಲಸಕ್ಕೆ ಸೇರಿದಾಗ ಕೊಂಡ 14ರ ಪಾನಾ ಒಂದಿದೆ, ಹಿಡಿಕೆ ಸವೆದು ನಂಬರೇ ಕಾಣೋದಿಲ್ಲ. ಅದರ ಮೇಲೆ ಬೆರಳಾಡಿಸಿ ಅರಿಶಿನ ಕುಂಕುಮ ಹಚ್ಚಿದರು. ಅವ್ವ ಆರತಿ ಮಾಡಿದಳು. ಗೌಂಡಿ ಅಣ್ಣಾರೂ ತಮ್ಮ ಕರಣಿ, ತೂಕದ ಗುಂಡು ತಂದು ಪಕ್ಕದಲ್ಲಿಟ್ಟರು.

ಪೂಜೆ ಆದ ಮೇಲೆ ಅಪ್ಪ ಸ್ಟೂಲ್ ಹಾಕಿಕೊಂಡು, ಕಾರು ನಿಲ್ಲೋ ಜಾಗದ ಪಕ್ಕ, ಗೋಡೆಗೆ ಬೆನ್ನು ಮಾಡಿ ಕೂತರು. ಕೈಯಲ್ಲಿ ಪಾನಾ ಇದ್ದ ಹಾಗೆ ಎರಡೂ ಕೈ ಚಾಚಿ ಹಿಂದಕ್ಕೆ ಎಳೆದು ನೋಡಿದರು. ಬೆನ್ನಿಗೂ ಗೋಡೆಗೂ ನಡುವೆ ಎರಡು ಬೆರಳು ಉಳಿಯಿತು.

"ಸಾಕವ್ವ. ಕೂಡತೈತಿ" ಅಂದರು.

ಸೋಲಿಂಗ್, ಸಾದಾ ಕಾಂಕ್ರೀಟ್ ಎರಡೂ ದೀಪಾವಳಿಗೆ ಮುಂಚೆ ಮುಗಿದವು. ಈ ಶುಕ್ರವಾರ ಮೇಲಿನ 5 ಇಂಚು. ಬಿಸಿಲು ಏರೋದರೊಳಗೆ ಮುಗಿಯಲಿ ಅಂತ ಬೆಳಿಗ್ಗೆ 6ಕ್ಕೆ ಮಿಕ್ಸರ್ ಬರಲು ಹೇಳಿದ್ದೇವೆ. ಮರುದಿನದಿಂದ ಮಣ್ಣಿನ ಬದು ಕಟ್ಟಿ 14 ದಿನ ನೀರು ನಿಲ್ಲಿಸಬೇಕು. ಬೆಳಗಿನ ನೀರು ಅಪ್ಪನ ಪಾಳಿ, ಸಂಜೆಯದು ನನ್ನದು.